ಅದೇ ಬಾಗಿಲು, ನಾಲ್ಕನೆಯ ಸಲ

ರಸೀದಿ ಪುಸ್ತಕ ತಿರುವಿ ನೋಡಿದೆ:
ಅದೇ ಬೀದಿ, ಅದೇ ಮೂರನೇ ಮಹಡಿ,
ಈ ತಿಂಗಳಲ್ಲೇ ನಾಲ್ಕನೆಯ ಸಲ.
ರಾತ್ರಿ ಹನ್ನೊಂದಕ್ಕೆ ಪೋರ್ಟೊದ ಕಲ್ಲುಮೆಟ್ಟಿಲು
ಹಗಲಿಗಿಂತ ಕಡಿದು.
ಚೀಲದೊಳಗಿನ ಸಲಾಕೆಗಳು ಒಂದನ್ನೊಂದು ಬೈದುಕೊಳ್ಳುತ್ತ
ನನ್ನ ಜೊತೆ ಹತ್ತಿದವು.

ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ ಹುಡುಗಿ,
ಹದಿನಾರೋ ಹದಿನೇಳೋ, ಹೆಸರು ಬೆನೆದೀತಾ.
ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಮನೆಚಪ್ಪಲಿ.
ಕಸ ಹಾಕಲು ಇಳಿದವಳು ದಾರಿಯಲ್ಲಿ ಬೆಕ್ಕು ಕಂಡು,
ಬೆಕ್ಕಿನ ಹಿಂದೆ ಹೊಳೆಯ ದಂಡೆಯವರೆಗೂ ಹೋಗಿ ಬಂದಿದ್ದಾಳೆ.
ಕಸದ ಚೀಲ ಇನ್ನೂ ಕೈಯಲ್ಲೇ ಇದೆ.
ಒಳಗೆ ಒಲೆಯ ಮೇಲೆ ಮೊಟ್ಟೆ.
"ಅಮ್ಮನಿಗೆ ರಾತ್ರಿಪಾಳಿ, ಅವಳಿಗೆ ಹೇಳಬೇಡಿ" ಅಂದಳು.
ಆಮೇಲೆ, ನಾನು ಕೇಳದಿದ್ದರೂ,
"ನಾನು ಸೋಮಾರಿ. ನನಗೆ ಗೊತ್ತು."

ಆ ಎರಡನೇ ಮಾತು,
ಬಾಯಿಪಾಠ ಒಪ್ಪಿಸಿದ ಹಾಗಿತ್ತು.
ನನಗೂ ಕಲಿಸಿದ್ದರು ಅದೇ ಪಾಠ:
ಮೇಷ್ಟ್ರು ಬೆತ್ತದಿಂದ, ಅಪ್ಪ ಮೌನದಿಂದ,
ಕೊನೆಗೆ ಹೆಂಡತಿ,
ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋಗುವಾಗ.

ನಗಬೇಡಿ. ಊರಿಗೆಲ್ಲ ಬೀಗ ತೆರೆಯುವ ಫಿರ್ಮಿನೊ
ತನ್ನ ಮನೆಯ ಕೀಲಿಕೈ ಎಷ್ಟು ಸಲ ಕಳೆದ
ಎಂದು ಬರೆದಿಟ್ಟ ಹಾಳೆಯೂ ಕಳೆದಿದೆ.
ಫ್ರಿಜ್ಜಿನಲ್ಲಿ ಕನ್ನಡಕ.
ತೆರಿಗೆ ಕಚೇರಿಯ ಲಕೋಟೆಗಳು, ಒಡೆಯದವು,
ಶೂ ಡಬ್ಬಿಯಲ್ಲಿ ಹೂತದ್ದು.
ಆದರೆ ಬೀಗದ ಮುಂದೆ ಮಂಡಿಯೂರಿದರೆ
ಮೂರು ಗಂಟೆ ಮೂರೇ ನಿಮಿಷ.
ಊಟದ ನೆನಪಿಲ್ಲ, ಬೆನ್ನಿನ ನೆನಪಿಲ್ಲ,
ಒಳಗಿನ ಐದು ಪಿನ್ನುಗಳ ಉಸಿರೊಂದೇ ಕೇಳುತ್ತದೆ.
"ನೋಡು, ಮನಸ್ಸಿಟ್ಟರೆ ಆಗುತ್ತದೆ" ಅನ್ನುತ್ತಿದ್ದರು.
ಇಟ್ಟಲ್ಲೇ ಇರಲು
ಮನಸ್ಸೇನು ತಂಬಿಗೆಯೇ?

ನಲವತ್ತೊಂಬತ್ತಕ್ಕೆ ಏಣಿಯಿಂದ ಬಿದ್ದು
ಮಣಿಕಟ್ಟು ತೋರಿಸಲು ಹೋದಾಗ
ಆರೋಗ್ಯಕೇಂದ್ರದ ಡಾಕ್ಟರ್ ಕೇಳಿದಳು,
"ಇದು ಎಷ್ಟನೇ ಸಲ?"
ಆಮೇಲೆ ಇನ್ನೊಂದು ಪ್ರಶ್ನೆ, ಮತ್ತೊಂದು.
ಏಳು ತಿಂಗಳು ಸರದಿ. ಎರಡು ಸಲ ತಾರೀಖು ಮರೆತೆ.
ಮರೆವಿಗೆ ಮದ್ದು ಕೇಳಿ ಬಂದವನು ಮರೆತನೆಂದು
ಮತ್ತೆ ಸಾಲಿನ ಕೊನೆಗೆ ಕಳಿಸಿದರು.
ಅಕ್ಕ ದೆಯೊಲಿಂದಾ ಅಟ್ಟದಿಂದ
ನನ್ನ ಶಾಲೆಯ ಅಂಕಪಟ್ಟಿ ಹುಡುಕಿ ತಂದಳು.
"ಬುದ್ಧಿವಂತ. ವಾಸ ಕಿಟಕಿಯಾಚೆ."
ಕೊನೆಗೊಂದು ಹೆಸರು ಕೊಟ್ಟರು: ಎಡಿಎಚ್‌ಡಿ.
ಪಾರ್ಕಿಂಗ್ ಜಾಗದಲ್ಲಿ ನಿಂತು ಅತ್ತೆ.
ವ್ಯಾನು ಎಲ್ಲಿ ಬಿಟ್ಟೆನೆಂದು ಮರೆತು ಅಳುತ್ತಿದ್ದಾನೆ
ಅಂದುಕೊಂಡಿರಬೇಕು ಜನ.
ಅದೂ ನಿಜವೇ.

ಇದೆಲ್ಲ ಅವಳಿಗೆ ಹೇಳಿದೆನೆ? ಇಲ್ಲ.
ಮೊದಲು ಬಾಗಿಲು. ಹನ್ನೊಂದು ಸೆಕೆಂಡು.
ಅವಳು ಓಡಿ ಒಲೆ ಆರಿಸಿದಳು,
ನಾನು ಹೊಸಿಲಲ್ಲೇ ನಿಂತೆ, ಸುಟ್ಟ ವಾಸನೆಯಲ್ಲಿ.
ವಾಪಸು ಬಂದು ನಗಲು ನೋಡಿದಳು, ಆಗಲಿಲ್ಲ.

ಎಡಗೈ ತಿರುಗಿಸಿ ತೋರಿಸಿದೆ.
ಮುಂಗೈ ಮೇಲೆ ಪೆನ್ನಿನಲ್ಲಿ: ಗುಳಿಗೆ. ಗ್ಯಾಸ್. ಬುಧವಾರ ಅಕ್ಕ.
"ಬುಧವಾರ ಏನು?"
"ಅಕ್ಕ ಬಂದು ನನ್ನೆದುರು ಸುಮ್ಮನೆ ಹೆಣಿಗೆ ಹಾಕುತ್ತ ಕೂರುತ್ತಾಳೆ.
ಅವಳು ಕೂತರೆ ಲಕೋಟೆ ಒಡೆಯುತ್ತೇನೆ. ಯಾಕೋ, ಗೊತ್ತಿಲ್ಲ."
"ಗುಳಿಗೆ?"
"ತಲೆಯಲ್ಲಿ ಹತ್ತು ರೇಡಿಯೊ ಇದ್ದವು, ಈಗ ಮೂರು.
ಪವಾಡವಲ್ಲ. ಮಧ್ಯಾಹ್ನದ ಹಸಿವು ಸತ್ತುಹೋಗುತ್ತದೆ."
ಬಹಳ ಹೊತ್ತು ಕಸದ ಚೀಲದ ಗಂಟನ್ನೇ ಬಿಚ್ಚಿ ಕಟ್ಟಿದಳು.
ಆಮೇಲೆ, "ನಿಮಗೂ ಬೈಯುತ್ತಿದ್ದರಾ?"

ರಸೀದಿಯ ಬೆನ್ನಿಗೆ ಡಾಕ್ಟರ ಹೆಸರು ಬರೆದು ಕೊಟ್ಟೆ,
"ಅಮ್ಮನಿಗೆ ತೋರಿಸು. ಇದನ್ನು ಮುಚ್ಚಿಡಬೇಡ."
ಕಳೆದುಬಿಡುತ್ತಾಳೆ, ಗೊತ್ತು.
ಅದಕ್ಕೇ ಇನ್ನೊಂದು ಬರೆದು
ಬಾಗಿಲ ಒಳಮೈಗೆ, ಕಣ್ಣಿನ ಎತ್ತರಕ್ಕೆ ಅಂಟಿಸಿದೆ.
ಪಕ್ಕದಲ್ಲೊಂದು ಮೊಳೆ, ಮೊಳೆಗೆ ಕೀಲಿಕೈ.
ಹಣ ಬೇಡವೆಂದೆ.

ಇಳಿದು ವ್ಯಾನಿನ ಹತ್ತಿರ ಬಂದಾಗ
ಕೈ ಹಗುರಾಗಿತ್ತು. ಚೀಲ ಮೇಲೇ ಉಳಿದಿತ್ತು.
ತಲೆಯೆತ್ತಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಅವಳು,
ನನ್ನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು
ಹೊಟ್ಟೆ ಹಿಡಿಯಲಾರದೆ ನಗುತ್ತ.
"ಇಳಿಯುವ ಮೊದಲು ಮೊಳೆ ನೋಡು!" ಎಂದು ಕೂಗಿದೆ.
ಬೀದಿಯ ಎರಡು ಕಿಟಕಿ ತೆರೆದವು, ಬೈಯಲು.